ಮನಿ ಪಟ್ಟಿ ರಸೀದಿ ಕೈಯಾಗ ಹಿಡ್ಕೊಂಡು ಪಾಲಿಕಿಗೆ ಬಸ್‌ಸ್ಟಾಪ್ ಕೇಳೋದು ಹ್ಯಾಂಗ

ಏಪ್ರಿಲ್ ತಿಂಗಳು ಮಧ್ಯಾಹ್ನ ಮೂರಕ್ಕ ನಮ್ಮ ಏರಿಯಾದ ಬಸ್‌ಸ್ಟಾಪಿಗೆ ಬಂದು ನೋಡ್ರಿ, ಸ್ಟಾಪ್ ಅಂದ್ರ ಏನಿಲ್ಲ, ಒಂದು ಲೈಟ್ ಕಂಬ ಅಷ್ಟೇ, ಆ ಕಂಬದ ಬೆರಳಗಲ ನೆರಳಿನ್ಯಾಗ ಏಳೆಂಟು ಮಂದಿ ಒಬ್ಬರ ಹಿಂದ ಒಬ್ಬರು ಸಾಲಾಗಿ ನಿಂತಿರ್ತಾರ, ನೆರಳು ಸರಿದಂಗ ಸಾಲೂ ಸರಿತದ. ನಮ್ಮವ್ವನೂ ಅದೇ ಸಾಲಿನ್ಯಾಗ ನಿಲ್ತಿದ್ಳು, ತಿಂಗಳಿಗೊಮ್ಮೆ ದವಾಖಾನಿಗೆ ಹೋಗೋಳು. ಒಂದಿನ ಮನಿಗೆ ಬಂದು "ಆ ಕಂಬ ಜರಾ ದಪ್ಪ ಇದ್ದಿದ್ರ ಚಲೋ ಇತ್ತಪ್ಪ" ಅಂದ್ಳು. ನಗು ಬಂತು, ಆಮ್ಯಾಲ ಸಿಟ್ಟು ಬಂತು, ಸಿಟ್ಟಿನ್ಯಾಗ ಒಂದು ಅರ್ಜಿ ಬರೆದು ಒಂದು ಆಫೀಸಿಗೆ ಹೋದೆ, ಅಲ್ಲಿ "ಇದು ನಮ್ಮದಲ್ಲ" ಅಂದ್ರು, ಇನ್ನೊಂದು ಆಫೀಸಿಗೆ ಹೋದೆ, ಅಲ್ಲೂ ಅದೇ ಮಾತು, ಮೂರನೇದಕ್ಕ ಹೋಗೋದ್ರೊಳಗ ಮಳಿಗಾಲ ಬಂತು, ನೆರಳಿನ ವಿಷಯ ನನಗೇ ಮರ್ತು ಹೋಯ್ತು.

ತಪ್ಪು ಅವರದಷ್ಟೇ ಅಲ್ಲ, ನಂದೂ ಇತ್ತು. ಯಾವ ಕೆಲಸಕ್ಕ ಯಾರ ಜೇಬಿನಿಂದ ರೊಕ್ಕ ಬರ್ತದ ಅನ್ನೋದು ಗೊತ್ತಿಲ್ದನೇ ಹೋಗಿದ್ದೆ, ಅದೂ ಬಜೆಟ್ ಮುಗಿದು ಹೋದಮ್ಯಾಲ. ಮುಂದಿನ ವರ್ಷ ಬ್ಯಾರೆ ಥರಾ ಮಾಡ್ದೆ. ಆವಾಗ ಕಲ್ತದ್ದನ್ನ ಇಲ್ಲಿ ಬರೀತೀನಿ, ಕಲಬುರಗಿ ಮಹಾನಗರ ಪಾಲಿಕಿ ಮಂದಿಗೆ ನೇರ ಉಪಯೋಗ ಆಗ್ತದ, ಯಾದಗಿರಿಯವರಿಗೆ ಹೆಸರು ಅಷ್ಟೇ ಬದಲು ಆಗ್ತಾವ, ಅದನ್ನ ಕೊನಿಗೆ ಹೇಳ್ತೀನಿ.

ಮೊದಲು ಮನಿ ಪಟ್ಟಿ, ಅಂದ್ರ ಆಸ್ತಿ ತೆರಿಗಿ, ಕಟ್ಟಿದ ರಸೀದಿ ತಗೀರಿ. ಎಲ್ಲಾರ ಮನ್ಯಾಗೂ ಇರ್ತದ, ಆದ್ರ ಒಟ್ಟು ಎಷ್ಟು ಅನ್ನೋದೊಂದೇ ನೋಡಿ ಮಡಚಿ ಇಡ್ತೀವಿ. ಅದರೊಳಗ ಆಸ್ತಿ ತೆರಿಗಿ ಕೆಳಗ ಸಣ್ಣ ಸಣ್ಣ ಸಾಲು ಇರ್ತಾವ ನೋಡ್ರಿ, ಸೆಸ್ ಅಂತ, ಅಂದ್ರ ಉಪಕರ. ತೆರಿಗಿ ಮ್ಯಾಲ ಆರೋಗ್ಯಕ್ಕ ಸೇಕಡಾ 15, ಗ್ರಂಥಾಲಯಕ್ಕ 6, ಭಿಕ್ಷುಕರ ಪುನರ್ವಸತಿಗೆ 3, ಮತ್ತ ನಗರ ಸಾರಿಗಿಗೆ 2, ಒಟ್ಟು 26. ನಿಮ್ಮ ತೆರಿಗಿ 4,000 ರೂಪಾಯಿ ಇದ್ರ ಅದರ ಮ್ಯಾಲ 1,040 ರೂಪಾಯಿ ಸೆಸ್ ಕಟ್ಟಿರ್ತೀರಿ, ಅದರಾಗ 80 ರೂಪಾಯಿ ಸಾರಿಗಿದು. ಕಸದ್ದು ಬ್ಯಾರೇನೇ ಲೆಕ್ಕ. ಎಂಬತ್ತು ರೂಪಾಯಿ ಅಂದ್ರ ಎರಡು ಪ್ಲೇಟ್ ಸುಸಲಾ ಮಿರ್ಚಿ ಭಜಿ ಖರ್ಚು ಅಂತ ಬಿಡಬ್ಯಾಡ್ರಿ, ಊರು ಪೂರ್ತಿ ಮನಿ, ಅಂಗಡಿ, ಗೋದಾಮು ಎಲ್ಲಾ ಸೇರಿಸಿದ್ರ ಅದು ಸಣ್ಣ ಗಂಟಲ್ಲ. ರಾಜ್ಯ ಮಟ್ಟದಾಗ ಇದಕ್ಕಂತನೇ ನಗರ ಸಾರಿಗೆ ನಿಧಿ ಅದ, ನೋಡ್ಕೋಳೋದು ನಗರ ಭೂಸಾರಿಗೆ ನಿರ್ದೇಶನಾಲಯ. ನನಗ ಈ 2 ಪರ್ಸೆಂಟ್ ಸಾಲು ಕಂಡ ದಿನ ಅರ್ಜಿಯ ಧಾಟಿನೇ ಬದಲಾಯ್ತು, "ದಯಮಾಡಿ ಕೊಡ್ರಿ" ಅನ್ನೋದು ಹೋಗಿ "ನಾವು ಕಟ್ಟಿದ್ದು ಎಲ್ಲಿ ಹೋಯ್ತು ಹೇಳ್ರಿ" ಅಂತ ಬಂತು.

ಪಟ್ಟಿ ಬಾಕಿ ಇದ್ರ ಮೊದಲು ಕಟ್ರಿ. ಇದು ಉಪದೇಶ ಅಲ್ಲ, ಯಾರರೆ ಬಾಯಿ ಮುಚ್ಚಿಸ್ಬೇಕಂದ್ರ ಮೊದಲು ಕೇಳೋದೇ "ನಿಮ್ಮ ಟ್ಯಾಕ್ಸ್ ಕ್ಲಿಯರ್ ಅದಏನ್ರಿ" ಅಂತ. ಏಪ್ರಿಲ್‌ನ್ಯಾಗ ಪೂರ್ತಿ ಕಟ್ಟಿದ್ರ ಸೇಕಡಾ 5 ರಿಯಾಯ್ತಿ, ಮೇ ಜೂನ್ ಇದ್ದಷ್ಟೇ, ಜುಲೈದಿಂದ ತಿಂಗಳಿಗೆ ಸೇಕಡಾ 2 ದಂಡ ಬೀಳ್ತದ. ಒಂದು ಮಾತು ನೆಪ್ಪಿಡ್ರಿ, ಬ್ಯಾಸಿಗ್ಯಾಗ ನಮ್ಮ ಭಾಗದ ಸರ್ಕಾರಿ ಆಫೀಸು ಟೈಮ್ ಬದಲಾಗ್ತದ, ಏಪ್ರಿಲ್ ಮೇ ಮುಂಜಾನಿ 8ರಿಂದ ಮಧ್ಯಾಹ್ನ 1:30ರ ತನಕ. ಬೆಂಗಳೂರಾಗಿರೋ ಮಗ ಫೋನ್ ಮಾಡಿ "ಅಪ್ಪಾ ಮೂರು ಗಂಟೆಗೆ ಹೋಗು, ರಶ್ ಇರಲ್ಲ" ಅಂತಾನ, ಹೋಗಬ್ಯಾಡ್ರಿ, ಬಾಗಿಲಾ ಹಾಕಿರ್ತದ.

ತೆರಿಗಿ ಏರ್ತದ ಅಂತ ಗದ್ದಲ ಆದಾಗ ಏನ್ ಮಾಡ್ಬೇಕು ಅಂತನೂ ಕೆಲವರು ಕೇಳಿದ್ರು. ಮೊದಲೆಲ್ಲಾ ಮೂರು ವರ್ಷಕ್ಕೊಮ್ಮೆ ಕಡಿಮಿ ಅಂದ್ರೂ ಸೇಕಡಾ 15 ಏರಿಸ್ತಿದ್ರು, ಒಮ್ಮೆಲೇ ಹೊಡ್ತ ಬೀಳ್ತಿತ್ತು. 2021ರ ತಿದ್ದುಪಡಿ ಆದಮ್ಯಾಲ ಮಾರ್ಗಸೂಚಿ ಬೆಲಿ, ಅಂದ್ರ ಆಸ್ತಿಗೆ ಸರ್ಕಾರ ಗೊತ್ತು ಮಾಡಿದ ಬೆಲಿ, ಅದರ ಮ್ಯಾಲ ಲೆಕ್ಕ, ವರ್ಷಾ ವರ್ಷಾ 3ರಿಂದ 5 ಪರ್ಸೆಂಟ್ ಏರಿಕಿ. ಇದರ ಹಿಂದ ದಿಲ್ಲಿ ಅದ. 15ನೇ ಹಣಕಾಸು ಆಯೋಗ ಊರುಗಳಿಗೆ ಅನುದಾನ ಕೊಡ್ಬೇಕಂದ್ರ ಆಸ್ತಿ ತೆರಿಗಿಗೆ ಕನಿಷ್ಠ ದರ ನಿಗದಿ ಮಾಡ್ರಿ, ವಸೂಲಿ ಹೆಚ್ಚಿಸ್ರಿ ಅಂತ ಷರತ್ತು ಹಾಕ್ತು, ರಾಜ್ಯಗಳು ಕಾನೂನು ಬದಲಿ ಮಾಡಿದ್ವು. ಅಂದ್ರ ನಿಮ್ಮ ಕಾರ್ಪೊರೇಟರ್ ಮನಿ ಮುಂದ ಹೋಗಿ "ಏರಿಸಲೇಬ್ಯಾಡ್ರಿ" ಅಂತ ಕೂಗಿದ್ರ ಅವರ ಕೈಯಾಗ ಅಷ್ಟಿಲ್ಲ, ಕಾನೂನು ಹೇಳಿದ ಕೆಳಗಿನ ಗೆರಿ ಮೇಲಿನ ಗೆರಿ ನಡುವ ಎಲ್ಲಿ ನಿಲ್ಲಬೇಕು ಅನ್ನೋದು ಮಾತ್ರ ಪಾಲಿಕಿ ಕೈಯಾಗ. ಅದಕ್ಕ ಕೇಳೋದಿದ್ರ ಹಿಂಗ ಕೇಳ್ರಿ, 5 ಯಾಕ, 3 ಯಾಕ ಸಾಲಲ್ಲ, ಬಾಕಿ ಉಳಿಸ್ಕೊಂಡ ದೊಡ್ಡ ದೊಡ್ಡ ಕಮರ್ಷಿಯಲ್ ಕಟ್ಟಡದ ಪಟ್ಟಿ ಸಭ್ಯಾಗ ಓದ್ರಿ. ಈ ಪ್ರಶ್ನಿ ಕೇಳಿದ್ರ ಸಭ್ಯಾಗ ಗಾಳಿ ಬದಲಾಗ್ತದ.

ಇನ್ನ ಅಸಲಿ ವಿಷಯ, ಯಾರ ಜೇಬು. ಕಲಬುರಗ್ಯಾಗ ಸಿಟಿ ಬಸ್ ಓಡಿಸೋದು ಪಾಲಿಕಿ ಅಲ್ರಿ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ, ಕೆಕೆಆರ್‌ಟಿಸಿ, ಹೆಡ್ ಆಫೀಸು ನಮ್ಮೂರಾಗೇ ಅದ. ಯಾವ ರೂಟು, ಎಷ್ಟು ಟ್ರಿಪ್, ಎಲ್ಲಿ ನಿಲ್ಲಬೇಕು, ಇದೆಲ್ಲಾ ಅವರದು, ಅರ್ಜಿ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಟಿಕೆಟ್ ದರ ರಾಜ್ಯ ಸರ್ಕಾರದ್ದು, 2025ರ ಜನವರ್ಯಾಗ ಸೇಕಡಾ 15 ಏರಿದಾಗ ಕಾರ್ಪೊರೇಟರ್‌ನ ಬೈದವರು ಭಾಳ ಮಂದಿ ಇದ್ರು, ಪಾಪ ಅವನಿಗೂ ಅದು ಪೇಪರಿನ್ಯಾಗ ಓದಿದ ಮ್ಯಾಲೇ ಗೊತ್ತಾಗಿದ್ದು. ಪಾಲಿಕಿ ಕೈಯಾಗ ಇರೋದು ರಸ್ತಿ, ಫುಟ್‌ಪಾತ್, ಬೀದಿ ದೀಪ, ಚರಂಡಿ, ಸ್ಟಾಪಿನ ಶೆಲ್ಟರ್, ಗಿಡ. ಅದರೊಳಗೂ ಒಂದು ತೊಡಕು, ರಸ್ತಿ ಎಲ್ಲಾ ಪಾಲಿಕಿದಲ್ಲ. ಹುಮನಾಬಾದ್ ಕಡಿಂದ ಬಂದು ಜೇವರ್ಗಿ ಕಡಿ ಹೋಗೋದು ರಾಷ್ಟ್ರೀಯ ಹೆದ್ದಾರಿ 50, ಇನ್ನ ಕೆಲವು ಲೋಕೋಪಯೋಗಿಯವರದು. ಅಂಥಾ ರಸ್ತಿ ಬದಿಗೆ ಶೆಲ್ಟರ್ ಬೇಕಂದ್ರ ಪಾಲಿಕಿ ರೊಕ್ಕ ಕೊಟ್ರೂ ರಸ್ತಿಯವರ ಒಪ್ಪಿಗಿ ಪತ್ರ ಬೇಕು. ನನ್ನ ಮೊದಲನೇ ಅರ್ಜಿ ಸತ್ತಿದ್ದೇ ಇಲ್ಲಿ. ಎರಡನೇ ಸಲ ವಾರ್ಡಿನ ಜೂನಿಯರ್ ಇಂಜಿನಿಯರ್ ಹತ್ರ ಹೋಗಿ "ಸರ, ಈ ರಸ್ತಿ ಯಾರದು ಅಂತ ಒಂದು ಸಾಲು ಬರೆದು ಕೊಡ್ರಿ" ಅಂದೆ, ಬಾಯಿಲೆ ಹೇಳಿದ್ರು, ಸಾಕಾಯ್ತು, ಅದನ್ನೇ ಅರ್ಜ್ಯಾಗ ಬರೆದೆ.

ನಮ್ಮ ಭಾಗಕ್ಕ ಇನ್ನೊಂದು ದೊಡ್ಡ ಜೇಬು ಅದ, ಬ್ಯಾರೆ ಜಿಲ್ಲಾದವರಿಗೆ ಇಲ್ಲದ್ದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕೆಕೆಆರ್‌ಡಿಬಿ. ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಕಲಂ ಬಂದಮ್ಯಾಲ ಆದ ಮಂಡಳಿ, ವರ್ಷಕ್ಕ 5,000 ಕೋಟಿ ಅಂತ ರಾಜ್ಯ ಬಜೆಟ್‌ನ್ಯಾಗ ಘೋಷಣೆ ಆಗ್ಯದ. ಊರೊಳಗಿನ ಎಷ್ಟೋ ರಸ್ತಿ ಬೋರ್ಡ್ ಓದ್ರಿ, ಅದರದೇ ಹೆಸರು. ಅಲ್ಲಿಗೆ ದಾರಿ ಶಾಸಕರ ಮೂಲಕ. ಶಾಸಕರದು ಸ್ಥಳೀಯ ಅಭಿವೃದ್ಧಿ ನಿಧಿ ವರ್ಷಕ್ಕ 2 ಕೋಟಿ, ಸಂಸದರದು 5 ಕೋಟಿ, ಶೆಲ್ಟರ್‌ಗೆ ಈ ಎರಡೂ ನಿಧಿ ಬಳಸ್ತಾರ, ಹೆಸರು ಹಾಕ್ಸಿಕೊಳ್ಳೋಕೆ ಅದಕ್ಕಿಂತ ಚಲೋ ಗೋಡಿ ಎಲ್ಲಿ ಸಿಗ್ತದ ಹೇಳ್ರಿ. ನನಗ ಹೆಸರಿನ ತಕರಾರಿಲ್ಲ, ಹೆಸರು ಬರೆಯೋ ಬೋರ್ಡು ಅಗಲ ಇದ್ದಷ್ಟೂ ನೆರಳು ಜಾಸ್ತಿ.

ಪಾಲಿಕಿ ತನ್ನ ರೊಕ್ಕದಾಗ ಮಾಡ್ಬೇಕಂದ್ರ ಬಜೆಟ್‌ನ್ಯಾಗ ಯಾವ ಹೆಡ್, ಅಂದ್ರ ಯಾವ ಖರ್ಚಿನ ಬಾಬ್ತು, ಅಂತ ನೀವೇ ತೋರಿಸಿದ್ರ ಕೆಲಸ ಅರ್ಧ ಆದಂಗ. ಹಣಕಾಸು ಆಯೋಗದ ಅನುದಾನ 2021ರಿಂದ 26ರ ತನಕದ ಲೆಕ್ಕದಾಗ ಸೇಕಡಾ 60 ನೀರು ಮತ್ತ ಸ್ವಚ್ಛತಾ ಕೆಲಸಕ್ಕ ಕಟ್ಟಿ ಹಾಕಿದ್ದು, ಉಳಿದ 40 ಹಂಗ ಕಟ್ಟಿ ಹಾಕದ್ದು. ಅದಕ್ಕ "ಆ ಅನುದಾನ ಬಂದದಲ್ರಿ, ಅದರಾಗ ಮಾಡ್ರಿ" ಅಂತ ಕಣ್ಣು ಮುಚ್ಚಿ ಹೇಳಿದ್ರ ಇಂಜಿನಿಯರ್ ಸಾಹೇಬ್ರು ಒಂದೇ ಮಾತಿನ್ಯಾಗ ನಿಮ್ಮನ್ನ ಹೊರಗ ಕಳಸ್ತಾರ. ಭಾಳ ಮಂದಿಗೆ ಗೊತ್ತಿಲ್ಲದ ಹೆಡ್ ಇನ್ನೊಂದು ಅದ, ಪಾಲಿಕಿ ರೊಕ್ಕದಾಗ ವಿಕಲಚೇತನರ ಕಲ್ಯಾಣಕ್ಕ ತೆಗೆದಿಡೋ ಸೇಕಡಾ 5. ಪರಿಶಿಷ್ಟ ಜಾತಿ ಪಂಗಡಕ್ಕ 24.10, ಇತರೆ ಬಡವರಿಗೆ 7.25, ಹಂಗೇ ಇದು 5. ವರ್ಷದ ಕೊನಿಗೆ ಈ ಹೆಡ್‌ನ್ಯಾಗ ಏನು ಖರ್ಚಾಗ್ಯದ, ಏನು ಉಳಿದದ ಕೇಳ್ರಿ. ಸ್ಟಾಪಿಗೆ ರ‍್ಯಾಂಪ್, ಹಿಡ್ಕೋಳೋ ಕಂಬಿ, ಗಾಲಿ ಕುರ್ಚಿ ಬರೋವಷ್ಟು ಜಾಗ, ಇದನ್ನ ಆ ಲೆಕ್ಕದಾಗ ಕೇಳ್ಬಹುದು. ನಮ್ಮ ಓಣ್ಯಾಗ ಒಬ್ಬ ತಮ್ಮ ಮೂರು ಗಾಲಿ ಸೈಕಲ್ ಮ್ಯಾಲ ಬರ್ತಾನ, ಅವನ ಸಹಿನೇ ನಮ್ಮ ಅರ್ಜ್ಯಾಗ ಮೊದಲನೇದು.

ಮತ್ತ ಗಾಳಿ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಅಂತ 2019ರಾಗ ಕೇಂದ್ರದವರು ಶುರು ಮಾಡಿದ್ರು, ಗಾಳಿ ಗುಣಮಟ್ಟ ಮುಟ್ಟದ ಊರುಗಳ ಪಟ್ಟಿ ಮಾಡಿದ್ರು, ಕರ್ನಾಟಕದಿಂದ ನಾಲ್ಕೇ ಊರು, ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮತ್ತ ನಮ್ಮ ಕಲಬುರಗಿ. ಖರೇ ಹೇಳ್ಬೇಕಂದ್ರ ಇದು ಮರ್ಯಾದಿ ಹೋಗೋ ಪಟ್ಟಿ, ಆದ್ರ ಪಟ್ಟ್ಯಾಗ ಹೆಸರು ಬಂತಂದ್ರ ಅದರ ಜೊತಿ ಯೋಜನೆನೂ ಬರ್ತದ, ಅನುದಾನನೂ ಬರ್ತದ. ನಮ್ಮಲ್ಲಿ ಗಾಳಿ ಕೆಡಿಸೋದ್ರೊಳಗ ರಸ್ತಿ ಧೂಳಿಂದು ದೊಡ್ಡ ಪಾಲು. ಡಾಂಬರು ನಡುವ ಹಾಕ್ತಾರ, ಎರಡೂ ಬದಿಗೆ ಮಣ್ಣು ಬಿಡ್ತಾರ, ಬಸ್ ಸ್ಟಾಪಿಗೆ ಬಂದು ಪಕ್ಕಕ್ಕ ಇಳೀತಂದ್ರ ನಿಂತವರ ಮಾರಿ ಮ್ಯಾಲ ಕೆಂಪು ಪೌಡರ್. ಆದ್ದರಿಂದ ಸ್ಟಾಪ್ ಕೇಳುವಾಗ "ಬಸ್‌ಸ್ಟಾಪ್ ಕಟ್ಟಿ ಕೊಡ್ರಿ" ಅಂತ ಮಾತ್ರ ಬರೀಬ್ಯಾಡ್ರಿ, "ಬಸ್ ನಿಲ್ಲೋ ಜಾಗದ ಮಣ್ಣಿನ ಅಂಚಿಗೆ ಕಲ್ಲು ಹಾಸಿ ಧೂಳು ತಡೀಬೇಕು, ಗಿಡ ಹಚ್ಚಬೇಕು" ಅಂತನೂ ಬರೀರಿ, ಅವಾಗ ಒಂದೇ ಕೆಲಸಕ್ಕ ಎರಡು ಹೆಡ್ ಹೊಂದ್ತಾವ. ಕಲ್ಲಿಗೇನು ಬರ ಅದಏನ್ರಿ, ಶಹಾಬಾದ್ ಫರ್ಸಿ ದೇಶ ತುಂಬ ಹೋಗ್ತದ, ನಮ್ಮ ಸ್ಟಾಪಿಗೆ ಮಾತ್ರ ಬರಲ್ದು.

ಹವಾಮಾನ ಬದಲಾವಣೆ ಅಂದ ಕೂಡಲೇ ನಮ್ಮ ಮಂದಿ ಅದು ಬೆಂಗಳೂರಿನವರ ಮಾತು ಅಂತಾರ. ಬೆಂಗಳೂರು 2023ರ ನವೆಂಬರ್‌ನ್ಯಾಗ ತನ್ನದೊಂದು ಹವಾಮಾನ ಕ್ರಿಯಾ ಯೋಜನೆ ಬಿಡುಗಡಿ ಮಾಡ್ತು, ಸರಿ, ಆದ್ರ 42 ಡಿಗ್ರಿ ದಾಟಿದ ಬಿಸಿಲಿನ್ಯಾಗ ನಿಲ್ಲೋರು ಯಾರು? ನಮ್ಮೂರಾಗ ಹವಾಮಾನದ ಕೆಲಸ ಅಂದ್ರ ಮೊದಲನೇದು ನೆರಳು. ಮತ್ತ ಇದರಾಗ ಒಂದು ಕಿವಿಮಾತು, ತಗಡಿನ ಶೆಲ್ಟರ್ ಒಪ್ಪಬ್ಯಾಡ್ರಿ. ಬೆಂಗಳೂರು ಮೈಸೂರಿಗೆ ಮಾಡಿದ ಡಿಜೈನ್ ಹಂಗೇ ಇಲ್ಲಿಗೆ ತರ್ತಾರ, ಮ್ಯಾಲ ತೆಳ್ಳನ ಶೀಟ್, ಕೆಳಗ ಸ್ಟೀಲ್ ಬೆಂಚು, ಹಿಂದ ಜಾಹೀರಾತಿನ ಬೋರ್ಡು ಗಾಳಿ ಅಡ್ಡ. ಏಪ್ರಿಲ್‌ನ್ಯಾಗ ಅದು ರೊಟ್ಟಿ ಹಂಚು, ಕುಂತ್ರ ಅಂಡು ಸುಡ್ತದ, ಮಂದಿ ಶೆಲ್ಟರ್ ಬಿಟ್ಟು ಬಾಜೂಕಿನ ಬೇವಿನ ಗಿಡದ ಕೆಳಗ ನಿಲ್ತಾರ. ಅರ್ಜ್ಯಾಗ ಸ್ಪಷ್ಟ ಬರೀರಿ, ಚಾವಣಿ ಸಿಮೆಂಟಿಂದು ಇಲ್ಲಾ ಎರಡು ಪದರಿಂದು, ಬಿಳಿ ಬಣ್ಣ, ಪಶ್ಚಿಮದ ಕಡಿ ಬಿಸಿಲಿಗೆ ಅಡ್ಡ ಮರೆ, ಹಿಂದ ಗಾಳಿ ಆಡೋ ಜಾಗ, ಕುಂದ್ರೋದಕ್ಕ ಕಲ್ಲಿನ ಕಟ್ಟಿ, ಬಾಜೂಕ ಎರಡು ಬೇವು. ಪಶ್ಚಿಮ ಯಾಕಂದ್ರ ನಮ್ಮಲ್ಲಿ ಮುಂಜಾನಿ ಬಿಸಿಲು ಹ್ಯಾಂಗರೆ ತಡ್ಕೋಬಹುದು, ಮೂರು ಗಂಟೆದ್ದು ಓರೆ ಬಂದು ಚಾವಣಿ ಕೆಳಗೇ ನುಗ್ತದ, ಬರೇ ಮ್ಯಾಲ ಮುಚ್ಚಿದ್ರ ಉಪಯೋಗ ಇಲ್ಲ. ಇಷ್ಟು ಬರೆದ್ರ ಜಾಸ್ತಿ ಆಯ್ತು ಅಂತ ಅನ್ಸಬಹುದು, ಬರೀದಿದ್ರ ಹಂಚೇ ಬರ್ತದ.

ಇದ್ದ ಗಿಡ ಕಡಿಯೋ ಮಾತು ಬಂದ್ರ ಬ್ಯಾರೆ ಕಾನೂನು, 1976ರ ಮರಗಳ ಸಂರಕ್ಷಣಾ ಕಾಯ್ದೆ, ಮರ ಅಧಿಕಾರಿ ಪರವಾನಗಿ ಇಲ್ಲದ ಕಡಿಯೋ ಹಂಗಿಲ್ಲ, ರಸ್ತಿ ಅಗಲ ಮಾಡೋವಂಥ ಸಾರ್ವಜನಿಕ ಕೆಲಸಕ್ಕ 50ಕ್ಕಿಂತ ಜಾಸ್ತಿ ಮರ ಹೋಗೋದಿದ್ರ ಜನರ ಆಕ್ಷೇಪಣೆ ಕರೀಬೇಕು. ನೋಟಿಸು ಪೇಪರಿನ ಮೂಲ್ಯಾಗ ಬರ್ತದ, ದಿನಾ ಕಣ್ಣಾಡಿಸ್ರಿ.

ಯಾವಾಗ ಹೋಗ್ಬೇಕು, ಇದು ಎಲ್ಲಕ್ಕಿಂತ ಮುಖ್ಯ. ಪಾಲಿಕಿ ವರ್ಷ ಏಪ್ರಿಲ್‌ದಿಂದ ಮಾರ್ಚ್. ಬ್ಯಾಸಿಗ್ಯಾಗ ಸೆಖಿ ತಟ್ಟಿದಾಗ ನಮಗ ಸ್ಟಾಪ್ ನೆಪ್ಪಾಗ್ತದ, ಆವಾಗ ಆ ವರ್ಷದ ರೊಕ್ಕ ಹಂಚಿ ಮುಗಿದಿರ್ತದ. ನೆರಳು ಕೇಳ್ಬೇಕಾದ್ದು ಚಳಿಗಾಲದಾಗ, ಡಿಸೆಂಬರ್ ಜನವರಿ ಹೊತ್ತಿಗೆ, ಬಜೆಟ್ ಪೂರ್ವಭಾವಿ ಸಭಿ ಅಂತ ಕರೀತಾರ, ಸಾರ್ವಜನಿಕರ ಸಲಹಿ ತಗೋತಾರ, ಪೇಪರಿನ್ಯಾಗ ಪ್ರಕಟಣೆ ಬರ್ತದ. ಕುರ್ಚಿ ಖಾಲಿ ಇರ್ತಾವ್ರಿ, ಹತ್ತಿಪ್ಪತ್ತು ಮಂದಿ, ಅದರಾಗ ಅರ್ಧ ದಿನಾ ಬರೋ ಮುಖಗಳೇ. ಅಂಥಾ ಕಡಿ ನೀವು ನಾಲ್ಕು ಮಂದಿ ಹೋಗಿ ಎರಡು ನಿಮಿಷ ಮಾತಾಡಿ ಬರಹದಾಗ ಕೊಟ್ರ ಅದು ದಾಖಲಿ ಆಗ್ತದ. ಆಮ್ಯಾಲ ಆಯುಕ್ತರು ಅಂದಾಜು ತಯಾರು ಮಾಡ್ತಾರ, ತೆರಿಗೆ ಹಣಕಾಸು ಮತ್ತು ಅಪೀಲು ಸ್ಥಾಯಿ ಸಮಿತಿ ನೋಡ್ತದ, ಕೊನಿಗೆ ಸಾಮಾನ್ಯ ಸಭಿಗೆ ಬರ್ತದ. ಸ್ಥಾಯಿ ಸಮಿತಿ ಒಟ್ಟು ನಾಲ್ಕು, ಇನ್ನ ಮೂರು ಅಂದ್ರ ಆರೋಗ್ಯ ಶಿಕ್ಷಣ ಸಾಮಾಜಿಕ ನ್ಯಾಯ, ಪಟ್ಟಣ ಯೋಜನೆ ಮತ್ತು ಅಭಿವೃದ್ಧಿ, ಲೆಕ್ಕಪತ್ರ. ಮಂದಿ ಎಲ್ಲಾ ಮೇಯರ್ ಬಾಗಿಲಿಗೆ ಹೋಗ್ತಾರ, ನಾನು ಹೇಳೋದು ಹಣಕಾಸು ಸಮಿತಿ ಅಧ್ಯಕ್ಷರ ಹತ್ರ ಹೋಗ್ರಿ, ಅಲ್ಲಿ ಕುಂದ್ರೋಕೆ ಜಾಗಾನೂ ಸಿಗ್ತದ ಚಹಾನೂ ಸಿಗ್ತದ.

ಬಜೆಟ್ ಪುಸ್ತಕ ಕೈಗೆ ಬಂದ್ರ ಹೆದರಬ್ಯಾಡ್ರಿ. ಪೇಪರಿನ್ಯಾಗ "ಇಷ್ಟು ಲಕ್ಷ ಉಳಿತಾಯ ಬಜೆಟ್" ಅಂತ ಬರ್ತದಲ್ಲ, ಅದನ್ನ ಬಿಡ್ರಿ, ಅದು ಕೂಡಿ ಕಳೆದು ಕೊನಿಗೆ ಪ್ಲಸ್ ಬರೋಹಂಗ ಜೋಡಿಸಿರ್ತಾರ. ನೀವು ನೋಡ್ಬೇಕಾದ್ದು ಕಾಲಂ. ಒಂದರಾಗ ಹೋದ ವರ್ಷ ನಿಜವಾಗಿ ಆದ ಖರ್ಚು, ಇನ್ನೊಂದರಾಗ ಈ ವರ್ಷದ ಪರಿಷ್ಕೃತ ಅಂದಾಜು, ಮತ್ತೊಂದರಾಗ ಮುಂದಿನ ವರ್ಷದ ಅಂದಾಜು. ಸುಮ್ಮ ಉದಾಹರಣೆಗೆ, ಗಿಡ ಹಚ್ಚೋದಕ್ಕ ಮುಂದಿನ ವರ್ಷ 50 ಲಕ್ಷ ಅಂತ ಬರೆದಿರ್ತಾರ, ಚಪ್ಪಾಳಿ, ಆದ್ರ ಹೋದ ವರ್ಷವೂ 50 ಬರೆದು ನಿಜವಾಗಿ ಖರ್ಚಾಗಿದ್ದು 4 ಲಕ್ಷ ಇದ್ರ ಆ ಚಪ್ಪಾಳಿ ವಾಪಸ್ ತಗೋಬೇಕು. ಈ ಒಂದು ಹೋಲಿಕಿ ಮಾಡ್ಲಾಕ ಬಂದ್ರ ಬಜೆಟ್ ಓದ್ಲಾಕ ಬಂದಂಗೇ. ರಾಜಸ್ವ, ಬಂಡವಾಳ, ಆರಂಭಿಕ ಶಿಲ್ಕು ಇವೆಲ್ಲಾ ಆಮ್ಯಾಲ ನಿಧಾನಕ್ಕ ತಿಳೀತಾವ.

ಪಾಲಿಕ್ಯಾಗ 55 ವಾರ್ಡ್. ಅವರ ಜೊತಿ ಶಾಸಕರು, ಸಂಸದರು, ವಿಧಾನ ಪರಿಷತ್ತಿನವರೂ ಸದಸ್ಯರೇ, ಅವರಿಗೂ ಓಟು. 2021ರ ಸೆಪ್ಟೆಂಬರ್‌ನ್ಯಾಗ ಚುನಾವಣೆ ಆಗಿ ಮೇಯರ್ ಆಯ್ಕೆ ಆಗಿದ್ದು 2023ರಾಗ, ಅಷ್ಟು ದಿನ ಕೌನ್ಸಿಲೇ ಇಲ್ದಂಗ ಊರು ನಡೀತು, ಅದೊಂದು ಕಥಿನೇ ಬ್ಯಾರೆ. ಸಾಮಾನ್ಯ ಸಭಿ ತಿಂಗಳಿಗೊಮ್ಮೆ ಆಗ್ಬೇಕು ಅಂತ 1976ರ ಪಾಲಿಕಿ ಕಾಯ್ದೆ ಹೇಳ್ತದ. ಪರಿಷತ್ ಕಾರ್ಯದರ್ಶಿ ಹತ್ರ ಕಾರ್ಯಸೂಚಿ ಕೇಳ್ರಿ, ಸಭಿ ನೋಡ್ಲಾಕ ಬರ್ತೀವಿ ಅಂತ ಮೊದಲೇ ಹೇಳ್ರಿ. ಒಳಗ ಹೋದಮ್ಯಾಲ ನೀವು ಮಾತಾಡೋ ಹಂಗಿಲ್ಲ, ಮಾತಾಡೋದು ನಿಮ್ಮ ಕಾರ್ಪೊರೇಟರ್, ಆದ್ರ ಮ್ಯಾಲ ಕುಂತ ನಾಲ್ಕು ಮಂದಿ ವಾರ್ಡಿನವರು ಕಂಡ್ರ ಅವರ ದನಿ ಜರಾ ದೊಡ್ಡದಾಗ್ತದ, ನಾ ಕಣ್ಣಾರೆ ಕಂಡೀನಿ. ಮರುದಿನ "ಅಕ್ಕಾ, ಛಲೋ ಮಾತಾಡಿದ್ರಿ" ಅಂತ ಒಂದು ಫೋನ್ ಹಾಕ್ರಿ, ಖರ್ಚೇನಿಲ್ಲ.

ವಾರ್ಡ್ ಕಮಿಟಿ ಅನ್ನೋದೂ ಅದ, 2016ರ ನಿಯಮ, ಕಾರ್ಪೊರೇಟರ್ ಅಧ್ಯಕ್ಷ, ವಾರ್ಡಿನ ಹತ್ತು ಮಂದಿ ಸದಸ್ಯರು, ಅದರಾಗ ಕಡಿಮಿ ಅಂದ್ರೂ ಮೂರು ಹೆಣ್ಮಕ್ಕಳು, ಇಬ್ಬರು ಪರಿಶಿಷ್ಟರು, ಇಬ್ಬರು ಸಂಘ ಸಂಸ್ಥಾದವರು. ನಿಮ್ಮ ವಾರ್ಡಿನ್ಯಾಗ ರಚನೆ ಆಗ್ಯದೋ ಇಲ್ಲೋ ಬರಹದಾಗ ಕೇಳ್ರಿ, ಆಗಿಲ್ಲ ಅಂದ್ರ ಅದೇ ನಿಮ್ಮ ಮೊದಲನೇ ಅರ್ಜಿ.

ಅರ್ಜಿ ಬರೆಯೋ ವಿಷಯಕ್ಕ ಬರ್ತೀನಿ. ಉದ್ದ ಬರೀಬ್ಯಾಡ್ರಿ, ಊರಿನ ಇತಿಹಾಸ, ಶರಣರ ವಚನ, ನಿಮ್ಮ ಸಮಾಜ ಸೇವಾ ಎಲ್ಲಾ ಬಿಡ್ರಿ. ಒಂದು ಅರ್ಜಿ, ಒಂದು ಕೆಲಸ. ನಾ ಕೊಟ್ಟಿದ್ದು ಹೆಚ್ಚುಕಡಿಮಿ ಹಿಂಗಿತ್ತು:

"ಮಾನ್ಯ ಆಯುಕ್ತರಲ್ಲಿ, ವಾರ್ಡ್ ಸಂಖ್ಯೆ ಇಂಥಾದ್ದು, ಇಂಥಾ ಶಾಲೆಯ ಎದುರಿನ ಬಸ್ ನಿಲುಗಡೆಯಲ್ಲಿ ನೆರಳಿಲ್ಲ. ಬೆಳಿಗ್ಗೆ 8ರಿಂದ 10ರವರೆಗೆ ನಾವು ಎಣಿಸಿದಾಗ 140 ಜನ ಬಸ್ ಹತ್ತಿದರು, ಅವರಲ್ಲಿ 96 ಮಹಿಳೆಯರು. ರಸ್ತೆ ಪಾಲಿಕೆಗೆ ಸೇರಿದೆ. ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಚಾವಣಿ, ರ‍್ಯಾಂಪ್, ಕಲ್ಲು ಹಾಸು ಮತ್ತು ಎರಡು ಬೇವಿನ ಸಸಿ ಸೇರಿಸಬೇಕೆಂದು ಕೋರುತ್ತೇವೆ. ನಗರ ಸಾರಿಗೆ ಉಪಕರ ಪಾವತಿಸಿದ ರಸೀದಿಗಳ ಪ್ರತಿ ಲಗತ್ತಿಸಿದೆ."

ಎಣಿಸೋದು ನಾವೇ ಮಾಡಿದ್ದು, ಓಣಿ ಹುಡುಗರು ಇಬ್ಬರನ್ನ ಕೂಡಿಸಿ ಎರಡು ಮುಂಜಾನಿ ಗೆರಿ ಹಾಕಿಸ್ದೆ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಬಂದಮ್ಯಾಲ ಸ್ಟಾಪಿನ್ಯಾಗ ಹೆಣ್ಮಕ್ಕಳ ಸಂಖ್ಯಾ ಎಷ್ಟು ಏರ್ಯದ ಅಂತ ಬಾಯಿಲೆ ಎಲ್ಲಾರೂ ಹೇಳ್ತಾರ, ಗೆರಿ ಹಾಕಿದ ಹಾಳಿ ಯಾರ ಹತ್ರನೂ ಇರಂಗಿಲ್ಲ, ಅದಿದ್ರ ಇಂಜಿನಿಯರ್ ಟೇಬಲ್ ಮ್ಯಾಲ ನಿಮ್ಮ ಫೈಲ್ ಬ್ಯಾರೆ ಥರಾ ಕಾಣ್ತದ. ಇದೇ ಅರ್ಜಿ ಪ್ರತಿ ಕೆಕೆಆರ್‌ಟಿಸಿ ವಿಭಾಗಕ್ಕೂ ಕೊಡ್ರಿ, ಅವರು "ಇಲ್ಲಿ ನಮ್ಮ ಬಸ್ ನಿಲ್ತದ" ಅಂತ ಒಂದು ಪತ್ರ ಬರೆದ್ರ ಪಾಲಿಕಿಗೆ ನೆಪ ಹೇಳ್ಲಾಕ ದಾರಿ ಇರಲ್ದು. ಕೊಡೋದು ಟಪಾಲ್ ಸೆಕ್ಷನ್‌ನ್ಯಾಗ, ಕೈಯಾಗ ಯಾರಿಗೂ ಕೊಡಬ್ಯಾಡ್ರಿ, ಎಷ್ಟೇ ಪರಿಚಯ ಇರ್ಲಿ, "ಇಡ್ರಿ ಸರ ನಾ ನೋಡ್ತೀನಿ" ಅಂದ್ರೂ ಇರ್ಲಿ. ಜೆರಾಕ್ಸ್ ಮ್ಯಾಲ ಸೀಲು, ನಂಬರು, ತಾರೀಖು ಹಾಕಿಸ್ಕೊಂಡೇ ಬರ್ರಿ. ಆ ನಂಬರ್ ಇಲ್ಲಂದ್ರ ನಿಮ್ಮ ಅರ್ಜಿ ಹುಟ್ಟೇ ಇಲ್ಲ.

ಎರಡು ತಿಂಗಳಾದ್ರೂ ಉತ್ತರ ಬರದಿದ್ರ ಮಾಹಿತಿ ಹಕ್ಕು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ ಟೈಮ್. ನಮ್ಮ ರಾಜ್ಯದಾಗ ಒಂದು ಅರ್ಜ್ಯಾಗ ಒಂದೇ ವಿಷಯ, 150 ಪದ ಮೀರಬಾರದು ಅಂತ ನಿಯಮ ಅದ, ಮಂದಿ ಹದಿನೆಂಟು ಪ್ರಶ್ನಿ ಬರೆದು ತಿರಸ್ಕಾರ ಆಯ್ತು ಅಂತ ಅಳ್ತಾರ. "ಯಾಕ ಮಾಡಿಲ್ಲ" ಅಂತ ಕೇಳಬ್ಯಾಡ್ರಿ, ಅದಕ್ಕ ಉತ್ತರ ಬರಂಗಿಲ್ಲ, ದಾಖಲಿ ಕೇಳ್ರಿ. ಒಂದು ಅರ್ಜ್ಯಾಗ ನಿಮ್ಮ ಟಪಾಲ್ ನಂಬರಿನ ಫೈಲ್ ಟಿಪ್ಪಣಿ ಹಾಳಿ ಪ್ರತಿ. ಇನ್ನೊಂದರಾಗ "ಇಂಥಾ ಸಾಲಿನಲ್ಲಿ ಆಸ್ತಿ ತೆರಿಗೆಯೊಂದಿಗೆ ವಸೂಲಾದ ನಗರ ಸಾರಿಗೆ ಉಪಕರದ ಒಟ್ಟು ಮೊತ್ತ, ಅದನ್ನು ಜಮಾ ಮಾಡಿದ ಖಾತೆ ಮತ್ತು ದಿನಾಂಕದ ದೃಢೀಕೃತ ದಾಖಲೆ ನೀಡಿ" ಅಂತ. ಪುಟಕ್ಕ 2 ರೂಪಾಯಿ. 30 ದಿನದಾಗ ಬರದಿದ್ರ ಅದೇ ಆಫೀಸಿನ ಮೇಲಧಿಕಾರಿಗೆ ಮೊದಲನೇ ಮೇಲ್ಮನವಿ, ಆಮ್ಯಾಲ ಆಯೋಗ. ಅದಕ್ಕ ಬೆಂಗಳೂರಿಗೆ ಹೋಗೋದೇನಿಲ್ಲ, ಮಾಹಿತಿ ಆಯೋಗದ ಪೀಠ ಕಲಬುರಗ್ಯಾಗೇ ಅದ.

ಯಾದಗಿರಿಯವರಿಗೆ ಹೇಳೋದಂದ್ರ ನಿಮ್ಮದು ನಗರಸಭೆ, 1964ರ ಪುರಸಭೆಗಳ ಕಾಯ್ದೆ, ಮೇಯರ್ ಬದಲಿ ಅಧ್ಯಕ್ಷರು, ಆಯುಕ್ತರ ಬದಲಿ ಪೌರಾಯುಕ್ತರು. ರಸೀದಿ ಮ್ಯಾಲಿನ ಸೆಸ್ ಸಾಲು, ಬಜೆಟ್ ಪೂರ್ವಭಾವಿ ಸಭಿ, 5 ಪರ್ಸೆಂಟ್ ಹೆಡ್, ಎಲ್ಲಾ ಇದ್ದದ್ದೇ. ಗಾಳಿ ಕಾರ್ಯಕ್ರಮದ ಪಟ್ಟ್ಯಾಗ ಮಾತ್ರ ನಿಮ್ಮ ಊರಿಲ್ಲ, ಅದಕ್ಕ ಖುಷಿ ಪಡ್ರಿ.

ಕೆಲಸ ಕ್ರಿಯಾ ಯೋಜನ್ಯಾಗ ಬಂತು ಅಂದ ಕೂಡಲೇ ಪೇಢೆ ಹಂಚಬ್ಯಾಡ್ರಿ, ಎಸ್ಟಿಮೇಟ್ ಪ್ರತಿ ತಗೊಂಡು ಸಾಲು ಸಾಲು ಓದ್ರಿ. ನಾವು ಅಲ್ಲೇ ಸೋತ್ವಿ. ಎರಡನೇ ವರ್ಷ ನಮ್ಮ ಸ್ಟಾಪಿಗೆ ಸಿಮೆಂಟ್ ಚಾವಣಿ ಬಂತು, ರ‍್ಯಾಂಪ್ ಬಂತು, ಕಟ್ಟಿ ಬಂತು, ಎರಡು ಬೇವಿನ ಸಸಿನೂ ಬಂದ್ವು, ಅವ್ವ ಹೋಗಿ ಕಟ್ಟಿ ಮ್ಯಾಲ ಕುಂತು ನೋಡಿ "ತಂಪದಪ್ಪಾ" ಅಂದ್ಳು. ಆದ್ರ ಎಸ್ಟಿಮೇಟಿನ್ಯಾಗ "ಸಸಿ ನೆಡುವುದು" ಅಂತ ಮಾತ್ರ ಇತ್ತು, ಟ್ರೀ ಗಾರ್ಡ್ ಇರಲಿಲ್ಲ, ನೀರು ಹಾಕೋರು ಯಾರು ಅಂತನೂ ಇರಲಿಲ್ಲ. ಒಂದನ್ನ ವಾರದೊಳಗ ಆಡು ತಿಂದು ಹೋಯ್ತು. ಉಳಿದದ್ದಕ್ಕ ಬಾಜೂಕಿನ ಪಾನ್ ಅಂಗಡಿ ಭಾಯ್ ಗ್ಲಾಸ್ ತೊಳೆದ ನೀರು ಹಾಕ್ತಾನ, ಸುತ್ತ ನಾಲ್ಕು ಮುಳ್ಳಿನ ಕೊಂಪಿ ಇಟ್ಟಾನ. ನೀವು ಬರೆಸುವಾಗ ಟ್ರೀ ಗಾರ್ಡ್ ಬರೆಸ್ರಿ, ಎರಡು ಬ್ಯಾಸಿಗಿ ಟ್ಯಾಂಕರ್ ನೀರು ಬರೆಸ್ರಿ.